ವಯಸ್ಕರಲ್ಲಿ ಬೆಳವಣಿಗೆ ಹಾರ್ಮೋನಿನ ಕೊರತೆ: ಪ್ರಯೋಗಾಲಯ ಪರೀಕ್ಷೆಗಳು

ಪಿಟ್ಯುಟರಿ ಗ್ರಂಥಿಯ ಮುಂಭಾಗದಲ್ಲಿ ಉತ್ಪತ್ತಿಯಾಗುವ ಬೆಳವಣಿಗೆ ಹಾರ್ಮೋನು ಪ್ರಾಯಕ್ಕೆ ಬಂದವರಲ್ಲಿ ಸಾಕಷ್ಟು ಸ್ರವಿಸುತ್ತಿದೆಯೇ ಎಂಬುದನ್ನು ರಕ್ತದಿಂದ ತಿಳಿಯುವ ಪರೀಕ್ಷೆಗಳು. ಇವುಗಳಲ್ಲಿ ಎರಡು ಬಗೆ. ಹಾರ್ಮೋನಿನ ಪ್ರಭಾವದಿಂದ ಮುಖ್ಯವಾಗಿ ಲಿವರ್‌ನಲ್ಲಿ ತಯಾರಾಗುವ ಐಜಿಎಫ್-1 ಎಂಬ ಪ್ರೋಟೀನನ್ನು ಅಳೆಯುವುದು ಒಂದು. ಔಷಧ ಕೊಟ್ಟು ಗ್ರಂಥಿಯನ್ನು ಕೆಣಕಿ, ಅದು ಎಷ್ಟು ಹಾರ್ಮೋನು ಬಿಡುತ್ತದೆಂದು ನೋಡುವ ಪ್ರಚೋದನಾ ಪರೀಕ್ಷೆ ಇನ್ನೊಂದು. ಥೈರಾಯ್ಡ್ ಕೊರತೆಯನ್ನು ಒಂದೇ ರಕ್ತಪರೀಕ್ಷೆಯಿಂದ ಬಹುಮಟ್ಟಿಗೆ ನಿರ್ಧರಿಸಬಹುದು, ಇಲ್ಲಿ ಅದು ಆಗದು. ಬಂದ ಸಂಖ್ಯೆ ಯಾರದು, ಯಾವ ಪ್ರಚೋದನೆಗೆ ಬಂದದ್ದು, ಯಾವ ವಿಧಾನದಲ್ಲಿ ಅಳೆದದ್ದು ಎಂಬ ಮೂರೂ ಗೊತ್ತಿದ್ದರೆ ಮಾತ್ರ ಅದಕ್ಕೆ ಅರ್ಥ.

ಹಾರ್ಮೋನಿನ ಸ್ವಭಾವ

ಬೆಳವಣಿಗೆ ಹಾರ್ಮೋನು 191 ಅಮೈನೋ ಆಮ್ಲಗಳ ಒಂಟಿ ಸರಪಣಿಯ ಪ್ರೋಟೀನು. ಎತ್ತರ ಬೆಳೆಯುವುದು ನಿಂತ ಮೇಲೂ ದೇಹಕ್ಕೆ ಇದು ಬೇಕು. ಕೊಬ್ಬು ಕರಗಿಸುವುದು, ಸ್ನಾಯು ಮತ್ತು ಮೂಳೆಯ ಗಟ್ಟಿತನ ಕಾಯುವುದು ಇದರ ಕೆಲಸ. ಕೊರತೆಯಾದವರಲ್ಲಿ ಹೊಟ್ಟೆಯ ಸುತ್ತ ಬೊಜ್ಜು ಸೇರುತ್ತದೆ, ಸ್ನಾಯು ಸೊರಗುತ್ತದೆ, ಮೂಳೆಯ ಸಾಂದ್ರತೆ ಇಳಿಯುತ್ತದೆ, ರಕ್ತದ ಕೊಬ್ಬಿನಂಶ ಏರುಪೇರಾಗುತ್ತದೆ, ಸುಸ್ತು ಮತ್ತು ನಿರುತ್ಸಾಹ ಕಾಡುತ್ತವೆ. ಇವುಗಳಲ್ಲಿ ಒಂದೂ ಈ ಕೊರತೆಗೇ ಮೀಸಲಾದ ಲಕ್ಷಣವಲ್ಲ. ಆದ್ದರಿಂದ ಲಕ್ಷಣ ನೋಡಿ ರೋಗ ಹೇಳುವಂತಿಲ್ಲ.

ಮಿದುಳಿನ ಹೈಪೊಥಲಾಮಸ್‌ನಿಂದ ಬರುವ ಜಿಎಚ್‌ಆರ್‌ಎಚ್ ಈ ಹಾರ್ಮೋನಿನ ಬಿಡುಗಡೆಗೆ ಚಾಲನೆ ಕೊಡುತ್ತದೆ, ಸೊಮ್ಯಾಟೊಸ್ಟ್ಯಾಟಿನ್ ಅದನ್ನು ತಡೆಯುತ್ತದೆ. ಮುಖ್ಯವಾಗಿ ಜಠರದಲ್ಲಿ ಹುಟ್ಟುವ, 1999ರಲ್ಲಿ ಜಪಾನಿನ ಸಂಶೋಧಕರು ಪತ್ತೆಹಚ್ಚಿದ ಗ್ರೆಲಿನ್ ಕೂಡ ಬಿಡುಗಡೆಗೆ ಇಂಬು ಕೊಡುತ್ತದೆ. ಇವುಗಳ ಎಳೆದಾಟದಿಂದಾಗಿ ಹಾರ್ಮೋನು ಒಂದೇ ಸಮನೆ ಹರಿಯದೆ ಆಗಾಗ ಚಿಮ್ಮುತ್ತದೆ. ದೊಡ್ಡ ಚಿಮ್ಮು ರಾತ್ರಿ ಗಾಢ ನಿದ್ದೆ ಹತ್ತಿದ ಹೊತ್ತಿನಲ್ಲಿ. ರಕ್ತಕ್ಕೆ ಬಂದದ್ದರಲ್ಲಿ ಅರ್ಧದಷ್ಟು ಸುಮಾರು 20 ನಿಮಿಷದೊಳಗೆ ಮಾಯವಾಗುತ್ತದೆ. ಹೀಗಾಗಿ ಆರೋಗ್ಯವಂತರಲ್ಲೂ ಹಗಲಿನ ಬಹುಪಾಲು ಹೊತ್ತು ಇದರ ಮಟ್ಟ ನಗಣ್ಯ. ಬೆಳಿಗ್ಗೆ ತೆಗೆದ ಒಂದು ಸ್ಯಾಂಪಲ್ಲಿನಿಂದ ಕೊರತೆ ನಿರ್ಧರಿಸುವುದು, ಕಿಟಕಿಯಾಚೆ ಒಂದು ಗಳಿಗೆ ಕೈ ಚಾಚಿ ಊರಿನ ವರ್ಷದ ಮಳೆ ಲೆಕ್ಕ ಹಾಕಿದಂತೆ. ಹೆಲ್ತ್ ಪ್ಯಾಕೇಜುಗಳಲ್ಲಿ ಸೇರಿಸುವ ಒಂಟಿ ಬೆಳವಣಿಗೆ ಹಾರ್ಮೋನ್ ಪರೀಕ್ಷೆಗೆ ಈ ಕಾರಣದಿಂದ ಬೆಲೆಯಿಲ್ಲ.

ಚರಿತ್ರೆ

ಮಾನವ ಬೆಳವಣಿಗೆ ಹಾರ್ಮೋನನ್ನು 1956ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಚೋ ಹಾವ್ ಲೀ ಮತ್ತು ಸಂಗಡಿಗರು ಬೇರ್ಪಡಿಸಿದರು. ಎರಡು ವರ್ಷಗಳಲ್ಲಿ ಮಾರಿಸ್ ರೇಬನ್ ಅದನ್ನು ಚಿಕಿತ್ಸೆಗೆ ಬಳಸಿದ ವರದಿ ಬಂತು. ಆದರೆ ರಕ್ತದಲ್ಲಿರುವ ಅತ್ಯಲ್ಪ ಪ್ರಮಾಣವನ್ನು ಅಳೆಯುವ ದಾರಿ ಆಗ ಇರಲಿಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ರೊಸಾಲಿನ್ ಯಾಲೊ ಮತ್ತು ಸಾಲಮನ್ ಬರ್ಸನ್ ಇನ್ಸುಲಿನ್‌ಗಾಗಿ ರೂಪಿಸಿದ ರೇಡಿಯೊ ಇಮ್ಯುನೊಅಸ್ಸೇ ವಿಧಾನ ಆ ದಾರಿ ತೆರೆಯಿತು. 1963ರಲ್ಲಿ ಇದೇ ತಂಡ, ಜೆಸ್ಸಿ ರಾತ್ ಮತ್ತು ಸೇಮೂರ್ ಗ್ಲಿಕ್ ಜೊತೆಗೂಡಿ, ಬೆಳವಣಿಗೆ ಹಾರ್ಮೋನನ್ನು ಅಳೆದುದಲ್ಲದೆ, ರಕ್ತದ ಸಕ್ಕರೆ ಕುಸಿದಾಗ ಅದು ಏರುತ್ತದೆಂದೂ ತೋರಿಸಿತು. ಇನ್ಸುಲಿನ್ ಕೊಟ್ಟು ಸಕ್ಕರೆ ಇಳಿಸಿ ನೋಡುವ ಇಂದಿನ ಇನ್ಸುಲಿನ್ ಪರೀಕ್ಷೆಯ ಬೇರು ಇಲ್ಲಿದೆ. ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಅಳೆಯುವ ವಿಧಾನ ಕೈಗೆ ಬಂದರೂ ವಯಸ್ಕರನ್ನು ಅಳೆಯುವ ಗೋಜಿಗೆ ಬಹಳ ಕಾಲ ಯಾರೂ ಹೋಗಲಿಲ್ಲ. ಶವಗಳ ಪಿಟ್ಯುಟರಿಯಿಂದ ತೆಗೆದ ಹಾರ್ಮೋನು ಕುಳ್ಳಾಗಿ ಉಳಿದ ಮಕ್ಕಳಿಗೇ ಸಾಲದಿತ್ತು. ಆ ಹಾರ್ಮೋನಿನಿಂದ ಕ್ರಾಯ್ಟ್ಸ್‌ಫೆಲ್ಟ್-ಯಾಕೊಬ್ ಎಂಬ ಮಾರಕ ಮಿದುಳು ರೋಗ ಹರಡಿದ್ದು 1985ರಲ್ಲಿ ತಿಳಿದು ಅಮೆರಿಕದಲ್ಲಿ ಅದರ ಬಳಕೆ ನಿಂತಿತು. ಅದೇ ವರ್ಷ ಜೀನ್ ತಂತ್ರದಿಂದ ತಯಾರಿಸಿದ ಹಾರ್ಮೋನಿಗೆ ಅಲ್ಲಿ ಅನುಮತಿ ಸಿಕ್ಕಿತು. ಪೂರೈಕೆಯ ಅಡ್ಡಿ ತೊಲಗಿತು. 1989ರಲ್ಲಿ ಲಂಡನ್ ಮತ್ತು ಡೆನ್ಮಾರ್ಕ್‌ನ ಅಧ್ಯಯನಗಳು, ಕೊರತೆಯಿರುವ ವಯಸ್ಕರಿಗೂ ಚಿಕಿತ್ಸೆಯಿಂದ ಪ್ರಯೋಜನವಿದೆಯೆಂದು ತೋರಿಸಿದವು. 1996ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವಯಸ್ಕರ ಬಳಕೆಗೆ ಒಪ್ಪಿಗೆ ಕೊಟ್ಟಿತು. ದುಬಾರಿ ಔಷಧವೊಂದು ಸಿಗತೊಡಗಿದ ಕೂಡಲೇ ಅದು ನಿಜಕ್ಕೂ ಯಾರಿಗೆ ಬೇಕೆಂಬ ಪ್ರಶ್ನೆ ಎದುರಾಯಿತು. 1997ರಲ್ಲಿ ಆಸ್ಟ್ರೇಲಿಯಾದ ಪೋರ್ಟ್ ಸ್ಟೀಫನ್ಸ್‌ನಲ್ಲಿ ಸೇರಿದ ತಜ್ಞರ ಸಭೆ, ಇನ್ಸುಲಿನ್ ಪರೀಕ್ಷೆಯನ್ನು ಒರೆಗಲ್ಲೆಂದು ಒಪ್ಪಿ ರೋಗನಿರ್ಣಯದ ಚೌಕಟ್ಟನ್ನು ಹಾಕಿಕೊಟ್ಟಿತು.

ಯಾರನ್ನು ಪರೀಕ್ಷಿಸಬೇಕು

ಪರೀಕ್ಷೆಗೆ ಮೊದಲು ಕಾರಣ ಕಾಣಬೇಕು. ಪಿಟ್ಯುಟರಿ ಗಡ್ಡೆ, ಅದರ ಶಸ್ತ್ರಚಿಕಿತ್ಸೆ, ತಲೆಗೆ ಕೊಟ್ಟ ವಿಕಿರಣ, ಪಿಟ್ಯುಟರಿಯ ಬಳಿ ಬೆಳೆಯುವ ಕ್ರೇನಿಯೊಫ್ಯಾರಿಂಜಿಯೋಮ ಎಂಬ ಗಡ್ಡೆ, ತಲೆಗೆ ಬಿದ್ದ ತೀವ್ರ ಪೆಟ್ಟು, ಮಿದುಳಿನ ಪೊರೆಯ ಕ್ಷಯ ಇವು ಪ್ರಮುಖ ಕಾರಣಗಳು. ವಿಕಿರಣಕ್ಕೆ ಎಲ್ಲಕ್ಕಿಂತ ಮೊದಲು ಸೋಲುವುದು ಸಾಮಾನ್ಯವಾಗಿ ಬೆಳವಣಿಗೆ ಹಾರ್ಮೋನೇ.

ಭಾರತದಲ್ಲಿ ಇನ್ನೆರಡು ಕಾರಣಗಳಿಗೆ ಮಹತ್ವವಿದೆ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ ಪಿಟ್ಯುಟರಿ ಸಾಯುವ ಶೀಹನ್ ಸಿಂಡ್ರೋಮ್ ಮೊದಲನೆಯದು. ಬಾಣಂತಿಗೆ ಎದೆಹಾಲು ಬಾರದು, ಮುಟ್ಟು ಮರಳದು, ಸುಸ್ತು ಬಿಡದು. ಎಷ್ಟೋ ಸಲ ಕಾಯಿಲೆಗೆ ಹೆಸರು ಸಿಗುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಕಾಶ್ಮೀರ ಕಣಿವೆಯಲ್ಲಿ ನಡೆದ, 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೆತ್ತ ಮಹಿಳೆಯರಲ್ಲಿ ಸುಮಾರು ಶೇ. 3ರಷ್ಟು ಮಂದಿಗೆ ಇದು ಇರಬಹುದೆಂದು ಅಂದಾಜಿಸಿತು. ಎರಡನೆಯದು ಹಾವಿನ ಕಡಿತ. ಕರ್ನಾಟಕದ ಹೊಲಗದ್ದೆಗಳಲ್ಲಿ ರೈತರು ಚೆನ್ನಾಗಿ ಬಲ್ಲ ಕೊಳಕುಮಂಡಲದ ವಿಷ ರಕ್ತದ ಹೆಪ್ಪುಗಟ್ಟುವಿಕೆಯನ್ನು ಕೆಡಿಸಿ, ಕೆಲವರಲ್ಲಿ ಪಿಟ್ಯುಟರಿಯನ್ನೂ ಹಾಳುಮಾಡುತ್ತದೆ. ಬರ್ಮಾದಿಂದ 1987ರಲ್ಲಿ ಬಂದ ವರದಿ ಇದನ್ನು ಶೀಹನ್ ಸಿಂಡ್ರೋಮ್‌ಗೆ ಹೋಲಿಸಿತು. ದಕ್ಷಿಣ ಭಾರತದಿಂದಲೂ ಇಂಥ ರೋಗಿಗಳ ವರದಿಗಳಿವೆ. ಕಡಿತದಿಂದ ಬದುಕುಳಿದು ತಿಂಗಳುಗಳಾದ ಮೇಲೂ ಚೇತರಿಸಿಕೊಳ್ಳದವರಲ್ಲಿ ಈ ಸಾಧ್ಯತೆಯನ್ನು ನೆನೆಯಬೇಕು.

ಇಂಥ ಯಾವ ಹಿನ್ನೆಲೆಯೂ ಇಲ್ಲದೆ, ಬರೀ ಸುಸ್ತು ಮತ್ತು ಬೊಜ್ಜು ಎಂದು ಬಂದವರನ್ನೆಲ್ಲ ಪರೀಕ್ಷಿಸಿದರೆ ಏನಾಗುತ್ತದೆ ಎಂಬುದನ್ನು ಒಂದು ಊಹೆಯ ಲೆಕ್ಕದಿಂದ ನೋಡಬಹುದು. 1,000 ಜನರಲ್ಲಿ 10 ಮಂದಿಗೆ ನಿಜವಾದ ಕೊರತೆಯಿದೆ ಎನ್ನೋಣ. ಪರೀಕ್ಷೆ ರೋಗವಿದ್ದವರಲ್ಲಿ ಶೇ. 90 ಮಂದಿಯನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಶೇ. 90 ಮಂದಿಯನ್ನು ಸರಿಯಾಗಿ ಬಿಟ್ಟುಬಿಡುತ್ತದೆ ಎಂದಿಟ್ಟುಕೊಂಡರೆ, ನಿಜವಾದ ರೋಗಿಗಳು 9 ಮಂದಿ ಸಿಗುತ್ತಾರೆ. ಅವರ ಜೊತೆಗೆ ರೋಗವಿಲ್ಲದ 99 ಮಂದಿಗೂ ಕೊರತೆಯ ಹಣೆಪಟ್ಟಿ ಬೀಳುತ್ತದೆ. ಅದೇ ಪರೀಕ್ಷೆಯನ್ನು ಪಿಟ್ಯುಟರಿ ಶಸ್ತ್ರಚಿಕಿತ್ಸೆಯಾದವರಲ್ಲಿ ಮಾಡಿದಾಗ ಹೀಗೆ ತಪ್ಪಾಗಿ ಸಿಕ್ಕಿಬೀಳುವವರ ಪಾಲು ತೀರ ಕಡಿಮೆ. ಎಲ್ಲ ಮಾರ್ಗಸೂಚಿಗಳೂ ಕಾರಣವಿಲ್ಲದೆ ಪರೀಕ್ಷೆ ಬೇಡ ಎನ್ನುವುದು ಇದಕ್ಕಾಗಿ.

ಐಜಿಎಫ್-1

ಬೆಳವಣಿಗೆ ಹಾರ್ಮೋನಿನ ಅನೇಕ ಪರಿಣಾಮಗಳು ಐಜಿಎಫ್-1ರ ಮೂಲಕ ನಡೆಯುತ್ತವೆ. ರಕ್ತದಲ್ಲಿ ಇದು ಬಹುಪಾಲು ವಾಹಕ ಪ್ರೋಟೀನುಗಳಿಗೆ ಅಂಟಿಕೊಂಡಿರುವುದರಿಂದ ದಿನವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಖಾಲಿ ಹೊಟ್ಟೆಯ ನಿಯಮವಾಗಲಿ ಹೊತ್ತಿನ ಕಟ್ಟುಪಾಡಾಗಲಿ ಇದಕ್ಕಿಲ್ಲ, ಒಂದು ಸ್ಯಾಂಪಲ್ ಸಾಕು. ಹದಿಹರೆಯದಲ್ಲಿ ಉತ್ತುಂಗಕ್ಕೇರಿ ಆಮೇಲೆ ವಯಸ್ಸಾದಂತೆ ಇಳಿಯುತ್ತದೆ. ಆದ್ದರಿಂದ 25ರ ಯುವಕನ ಮತ್ತು 65ರ ವೃದ್ಧರ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡುವಂತಿಲ್ಲ. ಅದೇ ವಯಸ್ಸಿನವರ ಸರಾಸರಿಯಿಂದ ಎಷ್ಟು ದೂರವಿದೆಯೆಂದು ಹೇಳುವ ಎಸ್‌ಡಿಎಸ್ ಅಂಕ ಹೆಚ್ಚು ಉಪಯುಕ್ತ. ಅದು -2ಕ್ಕಿಂತ ಕೆಳಗಿದ್ದರೆ ಕಡಿಮೆ ಎಂದರ್ಥ.

ಆದರೆ ಐಜಿಎಫ್-1 ಎರಡೂ ಕಡೆ ಮೋಸ ಮಾಡಬಲ್ಲದು. ಕೊರತೆ ಸಾಬೀತಾದ ವಯಸ್ಕರಲ್ಲಿ ಎಷ್ಟೋ ಮಂದಿಗೆ, ಅದರಲ್ಲೂ ನಡುವಯಸ್ಸು ದಾಟಿದವರಿಗೆ, ಇದು ಸಾಮಾನ್ಯ ಮಟ್ಟದಲ್ಲೇ ಇರುತ್ತದೆ. ಅದಕ್ಕೆ ತದ್ವಿರುದ್ಧವಾಗಿ ಅಪೌಷ್ಟಿಕತೆ, ಲಿವರ್ ಕಾಯಿಲೆ, ಹತೋಟಿ ತಪ್ಪಿದ ಮಧುಮೇಹ, ಥೈರಾಯ್ಡ್ ಕೊರತೆ ಇರುವವರಲ್ಲಿ ಮತ್ತು ಈಸ್ಟ್ರೊಜೆನ್ ಮಾತ್ರೆ ನುಂಗುವವರಲ್ಲಿ, ಪಿಟ್ಯುಟರಿ ಸರಿಯಿದ್ದರೂ ಐಜಿಎಫ್-1 ಇಳಿಯುತ್ತದೆ. ಈಸ್ಟ್ರೊಜೆನ್ ಪ್ಯಾಚ್‌ಗೆ ಈ ದೋಷ ಅಷ್ಟಿಲ್ಲ, ಏಕೆಂದರೆ ಅದು ಕರುಳಿನಿಂದ ನೇರ ಲಿವರ್‌ಗೆ ಹೋಗುವುದಿಲ್ಲ.

ಒಂದು ಸನ್ನಿವೇಶದಲ್ಲಿ ಮಾತ್ರ ಐಜಿಎಫ್-1 ಒಂದೇ ಸಾಕಾಗುತ್ತದೆ. ಪಿಟ್ಯುಟರಿಗೆ ಗೊತ್ತಿರುವ ಹಾನಿಯಾಗಿ, ಅದರ ಮೂರು ಅಥವಾ ಹೆಚ್ಚು ಇತರ ಹಾರ್ಮೋನುಗಳು ಕುಸಿದಿದ್ದು, ಐಜಿಎಫ್-1 ಕೂಡ ಕಡಿಮೆಯಿದ್ದರೆ ಬೆಳವಣಿಗೆ ಹಾರ್ಮೋನಿನ ಕೊರತೆಯ ಸಾಧ್ಯತೆ ಶೇ. 95ಕ್ಕೂ ಮಿಗಿಲು. ಅಂಥವರಿಗೆ ಪ್ರಚೋದನಾ ಪರೀಕ್ಷೆಯ ತ್ರಾಸ ಬೇಡ.

ಪ್ರಚೋದನಾ ಪರೀಕ್ಷೆಗಳು

ಉಳಿದವರಿಗೆ ಪ್ರಚೋದನಾ ಪರೀಕ್ಷೆ ಬೇಕು. ರೋಗಿ ರಾತ್ರಿಯಿಡೀ ಉಪವಾಸವಿದ್ದು ಬೆಳಿಗ್ಗೆ ಬರಬೇಕು. ಕಾರ್ಟಿಸೋಲ್ ಮತ್ತು ಥೈರಾಯ್ಡ್ ಕೊರತೆಗಳಿದ್ದರೆ ಮೊದಲೇ ಸರಿಪಡಿಸಿರಬೇಕು. ಕೈಯ ರಕ್ತನಾಳಕ್ಕೆ ಕ್ಯಾನುಲ ಹಾಕಿಟ್ಟು, ಗೊತ್ತುಮಾಡಿದ ನಿಮಿಷಗಳಲ್ಲಿ ರಕ್ತ ತೆಗೆಯಲಾಗುತ್ತದೆ. ಕೊನೆಗೆ ಲೆಕ್ಕಕ್ಕೆ ಬರುವುದು ಈ ಸ್ಯಾಂಪಲ್ಲುಗಳಲ್ಲಿ ಕಂಡ ಅತಿ ಹೆಚ್ಚಿನ ಮಟ್ಟ ಮಾತ್ರ. ಮುಂದೆ ಕೊಟ್ಟಿರುವ ಮಿತಿಗಳೆಲ್ಲ ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಎಂಬ ಅಳತೆಯಲ್ಲಿವೆ.

ಇನ್ಸುಲಿನ್ ಪರೀಕ್ಷೆ: ದೇಹದ ತೂಕದ ಪ್ರತಿ ಕಿಲೋಗೆ ಸಾಮಾನ್ಯವಾಗಿ 0.1 ಯೂನಿಟ್‌ನಂತೆ ರೆಗ್ಯುಲರ್ ಇನ್ಸುಲಿನ್ನನ್ನು ರಕ್ತನಾಳಕ್ಕೆ ಕೊಡುತ್ತಾರೆ. ಸುಮಾರು ಅರ್ಧ ಗಂಟೆಯಲ್ಲಿ ರೋಗಿಯ ಹಣೆ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಬಡಿತ ಜೋರಾಗುತ್ತದೆ, ಹಸಿವು ಕೆರಳುತ್ತದೆ, ಮಂಪರು ಕವಿಯುತ್ತದೆ. ಇವೆಲ್ಲ ಬೇಕಾಗಿಯೇ ತಂದುಕೊಂಡವು. ಸಕ್ಕರೆ ಡೆಸಿಲೀಟರಿಗೆ 40 ಮಿಲಿಗ್ರಾಂಗಿಂತ ಕೆಳಗಿಳಿಯದಿದ್ದರೆ ಗ್ರಂಥಿಗೆ ಬಿಸಿ ತಟ್ಟಿಲ್ಲವೆಂದೇ ಅರ್ಥ. ಆಗ ಹಾರ್ಮೋನು ಕಡಿಮೆ ಬಂದರೂ ಕೊರತೆ ಎನ್ನುವಂತಿಲ್ಲ. ಮನೆಯಲ್ಲಿ ಬಳಸುವಂಥ ಗ್ಲೂಕೋಮೀಟರು ಇಷ್ಟು ಕಡಿಮೆ ಮಟ್ಟದಲ್ಲಿ ಕರಾರುವಾಕ್ಕಾಗಿರುವುದಿಲ್ಲ. ಹಾಸಿಗೆಯ ಬಳಿ ಅದನ್ನು ನೋಡುತ್ತಲೇ, ಫ್ಲೋರೈಡ್ ಹಾಕಿದ ಬೂದು ಮುಚ್ಚಳದ ಟ್ಯೂಬಿನಲ್ಲಿ ಸ್ಯಾಂಪಲ್ಲನ್ನು ಲ್ಯಾಬಿಗೂ ಕಳಿಸಬೇಕು. ಡೆಕ್ಸ್ಟ್ರೋಸ್ ತುಂಬಿದ ಸಿರಿಂಜು ಪಕ್ಕದಲ್ಲೇ ಸಿದ್ಧವಿರಬೇಕು, ವೈದ್ಯರು ಅಲ್ಲಿಂದ ಕದಲಬಾರದು. ಎರಡು ಗಂಟೆಯವರೆಗೆ ಸ್ಯಾಂಪಲ್ ತೆಗೆದು, ರೋಗಿಗೆ ಊಟ ಕೊಟ್ಟು, ಸಕ್ಕರೆ ಸ್ಥಿರವಾದ ಮೇಲೆಯೇ ಮನೆಗೆ ಕಳಿಸುವುದು. ಉತ್ತುಂಗ ಮಟ್ಟ 3ಕ್ಕಿಂತ ಕಡಿಮೆಯಿದ್ದರೆ ತೀವ್ರ ಕೊರತೆ ಎಂಬುದು ಯುರೋಪಿನಲ್ಲಿ ರೂಢಿಯ ಮಿತಿ. ಅಮೆರಿಕದ ಮಾರ್ಗಸೂಚಿಗಳಲ್ಲಿ ಅದು ಸುಮಾರು 5. ಅಡ್ರಿನಲ್ ಗ್ರಂಥಿಯನ್ನು ಪಿಟ್ಯುಟರಿ ಹೇಗೆ ನಡೆಸುತ್ತಿದೆ ಎಂಬುದೂ ಅದೇ ಸ್ಯಾಂಪಲ್ಲುಗಳ ಕಾರ್ಟಿಸೋಲ್‌ನಿಂದ ತಿಳಿಯುವುದು ಈ ಪರೀಕ್ಷೆಯ ಹೆಚ್ಚುಗಾರಿಕೆ. ಮೂರ್ಛೆರೋಗ, ಹೃದ್ರೋಗ ಇರುವವರಿಗೆ, ಗರ್ಭಿಣಿಯರಿಗೆ ಇದು ನಿಷಿದ್ಧ. ಮುಪ್ಪಿನವರಿಗೆ ಸಾಮಾನ್ಯವಾಗಿ ಮಾಡುವುದಿಲ್ಲ.

ಗ್ಲೂಕಗಾನ್ ಪರೀಕ್ಷೆ: ಇನ್ಸುಲಿನ್ ಕೊಡಲಾಗದ ಕಡೆ ಸುಲಭವಾಗಿ ಒದಗುವುದು ಇದು. 1 ಮಿಲಿಗ್ರಾಂ, ತೂಕ 90 ಕಿಲೋ ಮೀರಿದ್ದರೆ 1.5 ಮಿಲಿಗ್ರಾಂ ಗ್ಲೂಕಗಾನನ್ನು ಸ್ನಾಯುವಿಗೆ ಚುಚ್ಚುತ್ತಾರೆ. ಪ್ರತಿಕ್ರಿಯೆ ನಿಧಾನ, ಉತ್ತುಂಗ ಎರಡು ಮೂರು ಗಂಟೆಗಳ ನಡುವೆ ಬರುವುದುಂಟು. ಆದ್ದರಿಂದ ಮೂರರಿಂದ ನಾಲ್ಕು ಗಂಟೆ ಕಾಯಬೇಕು. ವಾಕರಿಕೆ, ವಾಂತಿ ಸಾಮಾನ್ಯ. ಕೊನೆಯಲ್ಲಿ ಸಕ್ಕರೆ ಇಳಿಯಲೂಬಹುದು. ಮಿತಿ 3. ದಪ್ಪಗಿರುವವರಲ್ಲಿ ಈ ಮಿತಿ ಆರೋಗ್ಯವಂತರನ್ನೂ ರೋಗಿಗಳ ಪಟ್ಟಿಗೆ ಸೇರಿಸುತ್ತದೆಂದು ಕಂಡುಬಂದದ್ದರಿಂದ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 30 ಮೀರಿದವರಿಗೆ ಅಮೆರಿಕದ ಎಂಡೋಕ್ರೈನ್ ತಜ್ಞರ ಸಂಘದ 2019ರ ಮಾರ್ಗಸೂಚಿ ಮಿತಿಯನ್ನು 1ಕ್ಕೆ ಇಳಿಸಿತು.

ಜಿಎಚ್‌ಆರ್‌ಎಚ್-ಆರ್ಜಿನೀನ್ ಪರೀಕ್ಷೆ: ಚಾಲನೆ ಕೊಡುವ ಜಿಎಚ್‌ಆರ್‌ಎಚ್, ತಡೆಯನ್ನು ಸಡಿಲಿಸುವ ಆರ್ಜಿನೀನ್ ಎರಡನ್ನೂ ಕೊಡುವುದರಿಂದ ಪ್ರತಿಕ್ರಿಯೆ ಬಲವಾಗಿರುತ್ತದೆ. ಮಿತಿಗಳೂ ಅದಕ್ಕೆ ತಕ್ಕಂತೆ ಎತ್ತರ: ಬಿಎಂಐ 25ರೊಳಗಿದ್ದರೆ 11.5, 25ರಿಂದ 30ಕ್ಕೆ 8, ಅದರ ಮೇಲೆ 4.2. ಹಾನಿಯಾಗಿರುವುದು ಹೈಪೊಥಲಾಮಸ್‌ಗೆ ಆಗಿದ್ದರೆ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ. ಹೊರಗಿನಿಂದ ಕೊಟ್ಟ ಜಿಎಚ್‌ಆರ್‌ಎಚ್ ನೇರವಾಗಿ ಪಿಟ್ಯುಟರಿಯನ್ನೇ ಎಬ್ಬಿಸುವುದರಿಂದ, ವಿಕಿರಣ ಪಡೆದ ಮೊದಲ ವರ್ಷಗಳಲ್ಲಿ ಫಲಿತಾಂಶ ಸುಳ್ಳೇ ಚೆನ್ನಾಗಿ ಕಾಣಬಹುದು. ಅಮೆರಿಕದಲ್ಲಿ ಜಿಎಚ್‌ಆರ್‌ಎಚ್ ಔಷಧ 2008ರಲ್ಲಿ ಮಾರುಕಟ್ಟೆಯಿಂದ ಹೋಯಿತು. ಆರ್ಜಿನೀನ್ ಒಂದನ್ನೇ ಕೊಡುವುದು ದುರ್ಬಲ ಪ್ರಚೋದನೆ. ಮಕ್ಕಳಲ್ಲಿ ಬಳಸುವ ಕ್ಲೊನಿಡೀನ್ ವಯಸ್ಕರಲ್ಲಿ ಕೆಲಸಕ್ಕೆ ಬಾರದು.

ಮ್ಯಾಸಿಮೊರೆಲಿನ್ ಪರೀಕ್ಷೆ: ಗ್ರೆಲಿನ್‌ನಂತೆ ವರ್ತಿಸುವ ಈ ಔಷಧವನ್ನು ಕಿಲೋಗೆ 0.5 ಮಿಲಿಗ್ರಾಂ ಲೆಕ್ಕದಲ್ಲಿ ನೀರಿನಲ್ಲಿ ಕದಡಿ ಕುಡಿಸುತ್ತಾರೆ. 30, 45, 60, 90ನೇ ನಿಮಿಷಗಳ ನಾಲ್ಕು ಸ್ಯಾಂಪಲ್ಲುಗಳಲ್ಲಿ ಕೆಲಸ ಮುಗಿಯುತ್ತದೆ. ಸಕ್ಕರೆ ಇಳಿಸುವ ಅಪಾಯವಿಲ್ಲ, ಬಾಯಿರುಚಿ ಕೆಡುವುದು ಸಾಮಾನ್ಯ ತೊಂದರೆ. ಇಸಿಜಿಯಲ್ಲಿ ಕ್ಯೂಟಿ ಅವಧಿ ಹಿಗ್ಗಿಸುವ ಔಷಧ ತೆಗೆದುಕೊಳ್ಳುವವರಲ್ಲಿ ಎಚ್ಚರ ಬೇಕು. ಎಫ್‌ಡಿಎ 2017ರ ಡಿಸೆಂಬರ್‌ನಲ್ಲಿ ಅನುಮತಿ ಕೊಟ್ಟಾಗ ಗೊತ್ತುಮಾಡಿದ ಮಿತಿ 2.8.

ಫಲಿತಾಂಶವನ್ನು ಬದಲಿಸುವ ಅಂಶಗಳು

ಎಲ್ಲಕ್ಕಿಂತ ದೊಡ್ಡ ಅಡ್ಡಿ ಬೊಜ್ಜು. ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಿದಷ್ಟೂ ಆರೋಗ್ಯವಂತ ಪಿಟ್ಯುಟರಿಯೂ ಕಡಿಮೆ ಹಾರ್ಮೋನು ಬಿಡುತ್ತದೆ, ತೂಕ ಇಳಿಸಿದರೆ ಅದು ಚೇತರಿಸಿಕೊಳ್ಳಬಲ್ಲದು. ಬೊಜ್ಜು ಕೊರತೆಯ ಫಲವೂ ಹೌದು, ಹುಸಿ ಕೊರತೆಯ ಕಾರಣವೂ ಹೌದು. ಇದರಲ್ಲಿ ಭಾರತೀಯರಿಗೊಂದು ಹೆಚ್ಚಿನ ಮಾತಿದೆ. ಬಿಎಂಐ ಮಿತಿಗಳು ಬಹುಮಟ್ಟಿಗೆ ಪಾಶ್ಚಾತ್ಯರ ಅಧ್ಯಯನಗಳಿಂದ ಬಂದವು. ಅದೇ ಬಿಎಂಐ ಇರುವ ಭಾರತೀಯರಲ್ಲಿ ಹೊಟ್ಟೆಯ ಕೊಬ್ಬು ಸಾಮಾನ್ಯವಾಗಿ ಹೆಚ್ಚು. ನಮ್ಮಲ್ಲಿ 23ರಿಂದಲೇ ತೂಕ ಹೆಚ್ಚೆಂದೂ 25ರಿಂದಲೇ ಬೊಜ್ಜೆಂದೂ ಎಣಿಸುವ ರೂಢಿಯಿದೆ. ಮಿತಿಯ ಅಂಚಿನಲ್ಲಿ ನಿಂತ ಫಲಿತಾಂಶವನ್ನು ಓದುವಾಗ ಇದು ನೆನಪಿರಬೇಕು. ವಯಸ್ಸು, ದೀರ್ಘಕಾಲದ ಸ್ಟಿರಾಯ್ಡ್ ಸೇವನೆ, ಮಧುಮೇಹ ಕೂಡ ಪ್ರತಿಕ್ರಿಯೆಯನ್ನು ಕುಗ್ಗಿಸುತ್ತವೆ. ಒಂದೇ ಟ್ರೇಯಲ್ಲಿ ಎಂಟೊಂಬತ್ತು ಟ್ಯೂಬುಗಳಿರುವಾಗ ಪ್ರತಿಯೊಂದರ ಮೇಲೂ ತೆಗೆದ ನಿಮಿಷ ಬರೆದಿರಬೇಕು. ಎರಡರ ಚೀಟಿ ಅದಲುಬದಲಾದರೆ ಸಕ್ಕರೆ ಕುಸಿದ ಹೊತ್ತಿಗೂ ಹಾರ್ಮೋನು ಏರಿದ ಹೊತ್ತಿಗೂ ತಾಳೆಯಾಗದು.

ಅಳತೆಯ ವಿಧಾನ ಮತ್ತು ಮಾನಕ

ಇಂದಿನ ಯಂತ್ರಗಳು ಹಾರ್ಮೋನನ್ನು ಎರಡು ಪ್ರತಿಕಾಯಗಳ ನಡುವೆ ಹಿಡಿದು, ಹೊಮ್ಮುವ ಬೆಳಕನ್ನು ಅಳೆಯುತ್ತವೆ. ತೊಡಕಿರುವುದು ಹಾರ್ಮೋನಿನಲ್ಲೇ. ರಕ್ತದಲ್ಲಿ 22 ಕಿಲೋಡಾಲ್ಟನ್ನಿನ ಮುಖ್ಯ ರೂಪದ ಜೊತೆಗೆ 20 ಕಿಲೋಡಾಲ್ಟನ್ನಿನ ಚಿಕ್ಕ ರೂಪವೂ ಇತರ ತುಣುಕುಗಳೂ ಇರುತ್ತವೆ. ಒಂದು ಕಂಪನಿಯ ಪ್ರತಿಕಾಯ ಹಿಡಿದದ್ದನ್ನು ಇನ್ನೊಂದರದು ಬಿಡಬಹುದು. ಒಂದೇ ಸ್ಯಾಂಪಲ್ಲಿಗೆ ಎರಡು ಲ್ಯಾಬುಗಳಿಂದ ಬೇರೆ ಬೇರೆ ಸಂಖ್ಯೆ ಬರುವುದು ಹೀಗೆ. ಎಲ್ಲರೂ 98/574 ಎಂಬ ಅಂತರರಾಷ್ಟ್ರೀಯ ಮಾನಕಕ್ಕೆ ಹೊಂದಿಸಿಕೊಳ್ಳಬೇಕೆಂದು ತಜ್ಞರ ಒಮ್ಮತವಿದೆ. ಶುದ್ಧ 22 ಕಿಲೋಡಾಲ್ಟನ್ ಹಾರ್ಮೋನಿನ ಈ ಮಾನಕದಲ್ಲಿ 1 ಮಿಲಿಗ್ರಾಂ ಎಂದರೆ 3 ಅಂತರರಾಷ್ಟ್ರೀಯ ಯೂನಿಟ್. ಐಜಿಎಫ್-1ಕ್ಕೆ ಅಂಥದೇ ಮಾನಕ 02/254. ಮಾನಕ ಒಂದಾದ ಮಾತ್ರಕ್ಕೆ ಎಲ್ಲ ವ್ಯತ್ಯಾಸ ಅಳಿಯುವುದಿಲ್ಲ. ಹಳೆಯ ವಿಧಾನಗಳಿಂದ ಬಂದ ಮಿತಿಗಳನ್ನು ಹೊಸ ಯಂತ್ರದ ಸಂಖ್ಯೆಗೆ ಹಾಗೆಯೇ ಹಚ್ಚಿದರೆ ಗೆರೆಯ ಆಚೀಚೆ ಇರುವವರ ಹಣೆಬರಹವೇ ಬದಲಾಗಬಹುದು.

ಐಜಿಎಫ್-1 ಅಳೆಯುವ ಮುಂಚೆ ಅದನ್ನು ವಾಹಕ ಪ್ರೋಟೀನುಗಳಿಂದ ಬಿಡಿಸಬೇಕು. ಆಮ್ಲ ಬೆರೆಸಿ ಬೇರ್ಪಡಿಸಿ, ಮತ್ತೆ ಅಂಟದಂತೆ ಐಜಿಎಫ್-2ನ್ನು ಧಾರಾಳವಾಗಿ ಸೇರಿಸುವುದು ಒಂದು ಉಪಾಯ. ಕೂದಲು, ಉಗುರಿಗೆಂದು ನುಂಗುವ ಹೆಚ್ಚು ಪ್ರಮಾಣದ ಬಯೋಟಿನ್ ಮಾತ್ರೆ, ಬಯೋಟಿನ್ ಬಂಧವನ್ನೇ ನೆಚ್ಚಿರುವ ಯಂತ್ರಗಳಲ್ಲಿ ಹಾರ್ಮೋನಿನ ಸಂಖ್ಯೆಯನ್ನು ಸುಳ್ಳಾಗಿ ಇಳಿಸಬಹುದು.

ಬಾಲ್ಯದಿಂದ ಬಂದ ಕೊರತೆ

ಬಾಲ್ಯದಲ್ಲಿ ಕೊರತೆಯೆಂದು ಇಂಜೆಕ್ಷನ್ ಪಡೆದವರೆಲ್ಲರಿಗೂ ಅದು ಜೀವನಪೂರ್ತಿ ಬೇಕಿಲ್ಲ. ಕಾರಣ ತಿಳಿಯದ, ಬೆಳವಣಿಗೆ ಹಾರ್ಮೋನೊಂದೇ ಕಡಿಮೆಯಿದ್ದ ಮಕ್ಕಳಲ್ಲಿ ಅನೇಕರು ದೊಡ್ಡವರಾದ ಮೇಲೆ ಪರೀಕ್ಷೆಯಲ್ಲಿ ಸರಿಯಾಗಿಯೇ ಇರುತ್ತಾರೆ. ಎತ್ತರ ಪೂರ್ಣಗೊಂಡ ಮೇಲೆ ಕನಿಷ್ಠ ಒಂದು ತಿಂಗಳು ಇಂಜೆಕ್ಷನ್ ನಿಲ್ಲಿಸಿ ಮರುಪರೀಕ್ಷೆ ಮಾಡುತ್ತಾರೆ. ಜೀನ್ ದೋಷ ಸಾಬೀತಾದವರಿಗೆ, ಹಲವು ಹಾರ್ಮೋನುಗಳ ಕೊರತೆಯಿರುವವರಿಗೆ ಇದು ಬೇಕಾಗದು.

ಚಿಕಿತ್ಸೆಯ ನಿಗಾ

ರೋಗ ನಿರ್ಧರಿಸುವಲ್ಲಿ ಅರೆಬರೆಯಾದ ಐಜಿಎಫ್-1 ಚಿಕಿತ್ಸೆಯ ಡೋಸು ಹೊಂದಿಸುವಲ್ಲಿ ಮುಖ್ಯ ಆಸರೆ. 30ರಿಂದ 60 ವರ್ಷದವರಿಗೆ ದಿನಕ್ಕೆ 0.2ರಿಂದ 0.3 ಮಿಲಿಗ್ರಾಂನಲ್ಲಿ ಶುರುಮಾಡಿ, ಒಂದೆರಡು ತಿಂಗಳಿಗೊಮ್ಮೆ ಐಜಿಎಫ್-1 ನೋಡಿ, ವಯಸ್ಸಿಗೆ ತಕ್ಕ ಸಾಮಾನ್ಯ ಮಟ್ಟದೊಳಗೆ ತರುತ್ತಾರೆ. ಆಮೇಲೆ ಆರು ತಿಂಗಳಿಗೊಮ್ಮೆ ಸಾಕು. ಬಾಯಿಯ ಮೂಲಕ ಈಸ್ಟ್ರೊಜೆನ್ ಸೇವಿಸುವ ಹೆಂಗಸರಿಗೆ ಡೋಸು ಹೆಚ್ಚು ಬೇಕಾಗುತ್ತದೆ. ವಾರಕ್ಕೊಮ್ಮೆ ಕೊಡುವ, 2020ರಲ್ಲಿ ಅಮೆರಿಕದಲ್ಲಿ ವಯಸ್ಕರಿಗೆ ಅನುಮತಿ ಪಡೆದ ಸೊಮಾಪಸಿಟಾನ್‌ನಂಥ ಔಷಧಗಳಲ್ಲಿ ಐಜಿಎಫ್-1 ವಾರದೊಳಗೇ ಏರಿ ಇಳಿಯುವುದರಿಂದ, ಇಂಜೆಕ್ಷನ್ ಆದ ಎಷ್ಟನೇ ದಿನ ರಕ್ತ ತೆಗೆದದ್ದೆಂದು ದಾಖಲಿಸಬೇಕು.

ವೆಚ್ಚ ಮತ್ತು ದುರ್ಬಳಕೆ

ಪರೀಕ್ಷೆಯೊಂದೇ ಚಿಕಿತ್ಸೆಗೆ ರಹದಾರಿಯಲ್ಲ. ಸರ್ಕಾರಿ ಆರೋಗ್ಯಸೇವೆಯಲ್ಲಿ ಯಾವ ಚಿಕಿತ್ಸೆ ಕೊಡಬೇಕೆಂದು ಹೇಳುವ ಇಂಗ್ಲೆಂಡಿನ ನೈಸ್ ಸಂಸ್ಥೆ 2003ರಲ್ಲಿ, ಉತ್ತುಂಗ 3ಕ್ಕಿಂತ ಕಡಿಮೆಯಿರುವುದರ ಜೊತೆಗೆ ಬದುಕಿನ ಗುಣಮಟ್ಟದ ಪ್ರಶ್ನಾವಳಿಯಲ್ಲಿ 11 ಅಥವಾ ಹೆಚ್ಚು ಅಂಕ ಬಂದಿರಬೇಕೆಂದೂ, ಇತರ ಹಾರ್ಮೋನು ಕೊರತೆಗಳಿಗೆ ಚಿಕಿತ್ಸೆ ನಡೆಯುತ್ತಿರಬೇಕೆಂದೂ ಷರತ್ತು ಹಾಕಿತು. ಇನ್ನೊಂದೆಡೆ, ಮುಪ್ಪು ತಡೆಯುತ್ತೇವೆಂಬ ಕ್ಲಿನಿಕ್ಕುಗಳು ವಯಸ್ಸಾದಂತೆ ಸಹಜವಾಗಿ ಇಳಿದ ಐಜಿಎಫ್-1ನ್ನು ತೋರಿಸಿ ಅದನ್ನೇ ಕೊರತೆ ಎನ್ನುವುದುಂಟು. ಮುಪ್ಪಿಗೆಂದು ಈ ಹಾರ್ಮೋನು ಕೊಡುವುದಕ್ಕೆ ಅಮೆರಿಕದ ಕಾನೂನು ಒಪ್ಪುವುದಿಲ್ಲ. ಅತಿಯಾದರೆ ಮೈಯಲ್ಲಿ ನೀರು ತುಂಬುವುದು, ಕೀಲುನೋವು, ಸಕ್ಕರೆ ಏರಿಕೆ ಕಾಣಿಸಿಕೊಳ್ಳುತ್ತವೆ. ರಿಪೋರ್ಟ್ ಕೈಗೆ ಬಂದಾಗ ವಯಸ್ಸಿಗೆ ತಕ್ಕ ಮಟ್ಟ, ಬಿಎಂಐ, ಪ್ರಚೋದನೆಯ ಹೆಸರು, ಅಳತೆಯ ವಿಧಾನ, ಇನ್ಸುಲಿನ್ ಆಗಿದ್ದರೆ ಇಳಿದ ಸಕ್ಕರೆಯ ಮಟ್ಟ ಇವಿಷ್ಟೂ ಅದರಲ್ಲಿ ಇವೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಕೇಳಿ ಪಡೆಯುವುದು ರೋಗಿಯ ಹಕ್ಕು.